ಯಾವ ಮಗುವಿಗೆ ಯಾವ ಪುಸ್ತಕ?

ನಮ್ಮ ಬೀದಿಯ ಗೃಹಸ್ಥರೊಬ್ಬರು ಒಂದು ಸಂಜೆ ನನ್ನಲ್ಲಿಗೆ ಬಂದು, "ಮೇಷ್ಟ್ರೇ, ನಮ್ಮ ಹುಡುಗನಿಗೆ ಒಂದು ಒಳ್ಳೆಯ ಪುಸ್ತಕ ಹೇಳಿ. ಹನ್ನೊಂದು ತುಂಬಿ ಹನ್ನೆರಡಕ್ಕೆ ಬಿದ್ದಿದೆ" ಎಂದರು. "ಹುಡುಗನಿಗೆ ಏನು ಇಷ್ಟ?" ಎಂದು ಕೇಳಿದೆ. "ಓದುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಇಷ್ಟ" ಎಂದು ನಕ್ಕರು. "ಯಾರ ಸಹಾಯವೂ ಇಲ್ಲದೆ ಏನನ್ನು ಓದಬಲ್ಲ?" ಎಂದೆ. ಅದಕ್ಕೆ ಅವರಲ್ಲಿ ಉತ್ತರ ಸಿದ್ಧವಿರಲಿಲ್ಲ. ಸ್ವಲ್ಪ ಯೋಚಿಸಿ, "ಆರನೆಯ ತರಗತಿ ಅಲ್ಲವೆ, ಆರನೆಯ ತರಗತಿಯವರು ಓದುವುದನ್ನು ಓದಿಯಾನು" ಎಂದರು.

ಇದೇ ಮಹನೀಯರು ಮಗನಿಗೆ ಚಪ್ಪಲಿ ಕೊಳ್ಳಬೇಕಾದಾಗ ಹುಡುಗನನ್ನು ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ. ಕಾಲನ್ನು ಅಳತೆಗೆ ಇಡಿಸುತ್ತಾರೆ. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡು ಎನ್ನುತ್ತಾರೆ. "ಆರನೆಯ ತರಗತಿಯ ಚಪ್ಪಲಿ ಕೊಡಿ" ಎಂದು ಕೇಳುವುದಿಲ್ಲ. ಕಾಲಿಗೆ ತೋರುವ ಈ ವಿವೇಕವನ್ನು ಕಣ್ಣಿಗೂ ಮನಸ್ಸಿಗೂ ತೋರುವುದು ಹೇಗೆ ಎಂಬುದೇ ಈ ಹೊತ್ತಿನ ನನ್ನ ವಿಷಯ. ಮಗುವಿನ ಶಕ್ತಿಗೆ ಮತ್ತು ಅಭಿರುಚಿಗೆ ಒಪ್ಪುವ ಪುಸ್ತಕವನ್ನು ಹುಡುಕಿ ಕೊಡುವುದು ನೋಡುವುದಕ್ಕೆ ಸಣ್ಣ ಕೆಲಸ. ಮಾಡಹೊರಟವರಿಗೆ ಅದರ ಕಷ್ಟ ಗೊತ್ತು.

ಒಂದೇ ತರಗತಿಯಲ್ಲಿ ಕುಳಿತ ಮಕ್ಕಳೆಲ್ಲ ಒಂದೇ ಮಟ್ಟದ ಓದುಗರು ಎಂಬುದು ನಮ್ಮ ಶಾಲಾ ವ್ಯವಸ್ಥೆಯ ಒಂದು ಅನುಕೂಲದ ಕಲ್ಪನೆ, ಅಷ್ಟೆ. ಪ್ರಥಮ್ ಎಂಬ ಸಂಸ್ಥೆಯವರು 2005ರಲ್ಲಿ ಆರಂಭಿಸಿದ 'ಅಸರ್' ಸಮೀಕ್ಷೆಯ ಹೆಸರನ್ನು ಅನೇಕರು ಪತ್ರಿಕೆಗಳಲ್ಲಿ ಕಂಡಿರಬಹುದು. ಅದರ ಕಾರ್ಯಕರ್ತರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಗುವಿನ ಮುಂದೆ ಒಂದು ಹಾಳೆಯನ್ನು ಇಡುತ್ತಾರೆ. ಅದರಲ್ಲಿ ಕೆಲವು ಅಕ್ಷರಗಳು, ಕೆಲವು ಪದಗಳು, ಒಂದನೆಯ ತರಗತಿಯ ಮಟ್ಟದ ನಾಲ್ಕು ವಾಕ್ಯ, ಎರಡನೆಯ ತರಗತಿಯ ಮಟ್ಟದ ಒಂದು ಚಿಕ್ಕ ಕಥೆ, ಇಷ್ಟೇ ಇರುತ್ತದೆ. ಐದನೆಯ ತರಗತಿಯ ಮಕ್ಕಳಲ್ಲಿ ಆ ಕಥೆಯನ್ನು ಓದಬಲ್ಲವರು 2018ರಲ್ಲಿ ದೇಶದ ಒಟ್ಟು ಲೆಕ್ಕದಲ್ಲಿ ಅರ್ಧದಷ್ಟು ಮಾತ್ರ ಇದ್ದರು. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿ ತೆರೆದ ಮೇಲೆ, 2022ರಲ್ಲಿ, ಅದು ನೂರಕ್ಕೆ 43ರ ಆಸುಪಾಸಿಗೆ ಇಳಿಯಿತು. ಅಂದರೆ ಐದನೆಯ ತರಗತಿಯ ಪಠ್ಯಪುಸ್ತಕ ಅರ್ಧಕ್ಕಿಂತ ಹೆಚ್ಚು ಮಕ್ಕಳ ಕೈಯಲ್ಲಿ ಮುಚ್ಚಿದ ಬಾಗಿಲಿನಂತೆ ಇದೆ. ಅದೇ ಕೊಠಡಿಯ ಇನ್ನೊಂದು ಮೂಲೆಯಲ್ಲಿ ಆ ಪುಸ್ತಕವನ್ನು ಜೂನ್ ತಿಂಗಳಲ್ಲೇ ಓದಿ ಮುಗಿಸಿ, ಮುಂದೇನು ಎಂದು ಕಿಟಕಿಯ ಹೊರಗೆ ನೋಡುತ್ತಿರುವ ಹುಡುಗಿಯೂ ಇರುತ್ತಾಳೆ.

ಗ್ರಂಥಾಲಯ ಶಾಸ್ತ್ರದಲ್ಲಿ ಈ ಮಾತಿಗೆ ದೊಡ್ಡ ಸ್ಥಾನವನ್ನು ಕೊಟ್ಟವರು ಎಸ್. ಆರ್. ರಂಗನಾಥನ್. ಮೂಲತಃ ಗಣಿತದ ಅಧ್ಯಾಪಕರು. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡನೆಯದು, ಪ್ರತಿಯೊಬ್ಬ ಓದುಗನಿಗೂ ಅವನದೇ ಆದ ಪುಸ್ತಕ ದೊರೆಯಬೇಕು ಎಂಬ ಅರ್ಥದ್ದು. ಮೂರನೆಯದು ಅದನ್ನೇ ತಿರುಗಿಸಿ ಹೇಳುತ್ತದೆ: ಪ್ರತಿ ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು. ಮೊದಲ ನೋಟಕ್ಕೆ ಎರಡೂ ಒಂದೇ ಎನ್ನಿಸುತ್ತದೆ. ಆದರೆ ಕಪಾಟಿನ ಬೀಗದ ಕೈ ಇಟ್ಟುಕೊಂಡವರು ಎರಡನ್ನೂ ಬೇರೆಬೇರೆಯಾಗಿ ಯೋಚಿಸಬೇಕಾಗುತ್ತದೆ. ಈ ಹುಡುಗನಿಗೆ ಯಾವುದು ಎಂಬುದು ಒಂದು ಪ್ರಶ್ನೆ. ಹತ್ತು ವರ್ಷದಿಂದ ಯಾರೂ ಮುಟ್ಟದೆ ಕುಳಿತಿರುವ ಈ ಪುಸ್ತಕಕ್ಕೆ ಯಾರು ಎಂಬುದು ಇನ್ನೊಂದು. ಎರಡನೆಯದನ್ನು ಕೇಳಿಕೊಳ್ಳುವ ಅಧ್ಯಾಪಕರನ್ನು ನಾನು ಕಂಡದ್ದು ಕಡಿಮೆ. ನಾನೂ ಬಹುಕಾಲ ಕೇಳಿಕೊಂಡವನಲ್ಲ.

ಮೊದಲು ಮಟ್ಟದ ಮಾತನ್ನು ನೋಡೋಣ. ಒಂದು ಪುಸ್ತಕ ಎಷ್ಟು ಕಠಿಣ ಎಂದು ಅಳೆಯುವ ಪ್ರಯತ್ನ ಅಮೆರಿಕದಲ್ಲಿ ನೂರು ವರ್ಷಕ್ಕಿಂತ ಹಿಂದೆಯೇ ಪ್ರಾರಂಭವಾಯಿತು. ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞ 1921ರಲ್ಲಿ ಇಂಗ್ಲಿಷಿನಲ್ಲಿ ಪದೇಪದೇ ಬರುವ ಹತ್ತು ಸಾವಿರ ಪದಗಳನ್ನು ಎಣಿಸಿ ಅಧ್ಯಾಪಕರಿಗಾಗಿ ಪಟ್ಟಿ ಮಾಡಿದ. 1948ರಲ್ಲಿ ರುಡಾಲ್ಫ್ ಫ್ಲೆಶ್ ಎಂಬಾತ ವಾಕ್ಯದಲ್ಲಿ ಎಷ್ಟು ಪದ, ಪದದಲ್ಲಿ ಎಷ್ಟು ಉಚ್ಚಾರಾಂಶ ಎಂದು ಎಣಿಸಿ ಬರವಣಿಗೆಯ ಸುಲಭತೆಗೆ ಅಂಕ ಕೊಡುವ ಒಂದು ಸೂತ್ರವನ್ನು ಮಾಡಿದ. ಆ ಸೂತ್ರ ಇಂದಿಗೂ ಗಣಕಯಂತ್ರಗಳಲ್ಲಿ ಬಳಕೆಯಲ್ಲಿದೆ. ಇವೆಲ್ಲ ಒಣ ಲೆಕ್ಕ ಎಂದು ಸಾಹಿತ್ಯಪ್ರಿಯರು ಮೂಗು ಮುರಿಯಬೇಕಾಗಿಲ್ಲ. ಡಾ. ಸೂಸ್ ಎಂಬ ಕಾವ್ಯನಾಮದ ಲೇಖಕ, ಪ್ರಕಾಶಕರು ಕೊಟ್ಟ ಪದಪಟ್ಟಿಯನ್ನು ಮುಂದಿಟ್ಟುಕೊಂಡು ಒದ್ದಾಡಿ, ಬರೀ 236 ಬೇರೆಬೇರೆ ಪದಗಳಲ್ಲಿ, ಟೋಪಿ ಹಾಕಿದ ಬೆಕ್ಕಿನ ಕಥೆಯೊಂದನ್ನು 1957ರಲ್ಲಿ ಬರೆದ. ಅಲ್ಲಿಯ ಶಾಲೆಗಳ ನೀರಸ ಬಾಲಪಾಠಗಳ ಮೇಲೆ ಬಂದಿದ್ದ ಟೀಕೆಗೆ ಅದು ಉತ್ತರವಾಗಿ ಬಂದ ಪುಸ್ತಕ. ಮಕ್ಕಳು ಅದನ್ನು ಇಂದಿಗೂ ಬಿಟ್ಟಿಲ್ಲ.

ಆದರೆ ಈ ಸೂತ್ರವನ್ನು ಹಾಗೆಯೇ ತಂದು ಕನ್ನಡಕ್ಕೆ ಹಚ್ಚಿದರೆ ಅನರ್ಥವಾಗುತ್ತದೆ. 'ಅಡುಗೆಮನೆಯಲ್ಲಿ' ಎಂಬ ಪದದಲ್ಲಿ ಏಳು ಅಕ್ಷರಗಳಿವೆ. 'ತತ್ತ್ವ' ಎಂಬುದರಲ್ಲಿ ಎರಡೇ. ಸೂತ್ರದ ಪ್ರಕಾರ ತತ್ತ್ವ ಸುಲಭ, ಅಡುಗೆಮನೆ ಕಷ್ಟ! ಮೂರು ವರ್ಷದ ಮಗುವನ್ನು ಕೇಳಿದರೂ ನಿಜ ತಿಳಿಯುತ್ತದೆ. ನಮ್ಮ ಭಾಷೆ ಪ್ರತ್ಯಯಗಳನ್ನು ಒಂದರ ಬಾಲಕ್ಕೆ ಒಂದು ಅಂಟಿಸಿ ಪದವನ್ನು ಉದ್ದ ಮಾಡುತ್ತದೆ. 'ಬರಬೇಕಾಗಿದ್ದವರೆಲ್ಲರೂ' ಎಂದು ನಾವು ಒಂದೇ ಉಸಿರಿನಲ್ಲಿ ಅನ್ನುವುದನ್ನು ಇಂಗ್ಲಿಷಿನವರು ಆರೇಳು ಪದಗಳಾಗಿ ಬಿಡಿಸಿ ಬರೆಯುತ್ತಾರೆ. ಮಗುವಿಗೆ ಅದನ್ನು ಕೇಳುವುದರಲ್ಲಿ ಕಷ್ಟವಿಲ್ಲ, ಆಡುವುದರಲ್ಲಿಯೂ ಇಲ್ಲ. ಅಚ್ಚಿನಲ್ಲಿ ಎದುರಾದಾಗ ಮಾತ್ರ ಅದು ಬೆಟ್ಟ.

ಕನ್ನಡದ ಮಗುವಿನ ನಿಜವಾದ ಕಷ್ಟ ಇರುವುದು ಲಿಪಿಯಲ್ಲಿ. ಇಂಗ್ಲಿಷಿನ ಮಗು ಇಪ್ಪತ್ತಾರು ಅಕ್ಷರ ಕಲಿತರೆ ಅಕ್ಷರಗಳ ಮಟ್ಟಿಗೆ ಕೆಲಸ ಮುಗಿಯಿತು. ಆಮೇಲಿನ ಕಷ್ಟ ಅದರ ಕಾಗುಣಿತದ ಅಕ್ರಮದ್ದು. ನಮ್ಮಲ್ಲಿ ಬರೆದಂತೆ ಓದುತ್ತೇವೆ ಎಂಬ ಹೆಮ್ಮೆ ಇದೆ, ಅದು ನಿಜವೂ ಹೌದು; ಆದರೆ ಬರೆಯುವ ಆಕಾರಗಳು ನೂರಾರು. ಮೂಲಾಕ್ಷರ, ಅದರ ಮೇಲೆ ಗುಣಿತ, ಅದರ ಕೆಳಗೆ ಒತ್ತು. ಒತ್ತುಗಳಲ್ಲಿಯೂ ಕ, ಗ, ದ ಮುಂತಾದವು ಮೂಲದ ಹೋಲಿಕೆಯನ್ನು ಉಳಿಸಿಕೊಂಡಿವೆ. ತ, ನ, ಮ, ಯ, ರ, ಲಗಳ ಒತ್ತುಗಳು ವೇಷ ಬದಲಾಯಿಸಿ ನಿಂತಿವೆ. ಅರ್ಕಾವೊತ್ತಂತೂ ಮೊದಲು ಉಚ್ಚರಿಸಬೇಕಾದದ್ದನ್ನು ಆಮೇಲೆ ಬರೆಯುವ ವಿಚಿತ್ರ. ಬೆಂಗಳೂರಿನಲ್ಲಿ ಮಕ್ಕಳ ಓದಿನ ಬಗ್ಗೆ ದೀರ್ಘಕಾಲ ಕೆಲಸ ಮಾಡಿರುವ ಸೋನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹೇಳುವುದೂ ಇದನ್ನೇ: ಕನ್ನಡ ಅಕ್ಷರಗಳ ಮೇಲಿನ ಹಿಡಿತ ಒಂದೆರಡು ವರ್ಷಗಳಲ್ಲಿ ಮುಗಿಯುವುದಲ್ಲ, ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ. ಇದನ್ನು ಮರೆತು ಎರಡನೆಯ ತರಗತಿಯ ಮಗು 'ಸ್ವಾತಂತ್ರ್ಯ' ಎಂಬಲ್ಲಿ ತಡವರಿಸಿದರೆ ದಡ್ಡ ಎನ್ನುವವರು ಒಮ್ಮೆ ಆ ಪದವನ್ನು ಅಕ್ಷರ ಅಕ್ಷರವಾಗಿ ದಿಟ್ಟಿಸಿ ನೋಡಬೇಕು.

ನಮ್ಮ ಪಾಠಪುಸ್ತಕ ರಚಿಸಿದವರಿಗೆ ಇದು ತಿಳಿಯದ ವಿಷಯವಲ್ಲ. ವರ್ಣಮಾಲೆಯ ಸಾಂಪ್ರದಾಯಿಕ ಕ್ರಮವನ್ನು ಬಿಟ್ಟು 'ರ ಗ ಸ ದ ಅ' ಎಂದು ಆರಂಭಿಸುವ ಪದ್ಧತಿ ಬಂದದ್ದು ಅದಕ್ಕಾಗಿಯೇ. ಆ ಐದು ಅಕ್ಷರ ಕಲಿತ ದಿನವೇ ಮಗು ಅರಸ, ಅಗಸ, ಸರ, ಗರಗಸ ಎಂದು ಅರ್ಥವುಳ್ಳ ಪದಗಳನ್ನು ಓದಬಲ್ಲದು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಪ್ರಾರಂಭವಾದ 'ನಲಿಕಲಿ' ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತರಗತಿಗೆಲ್ಲ ಒಂದೇ ಪಾಠ ಎಂಬುದನ್ನು ಕೈಬಿಟ್ಟು, ಕಲಿಕೆಯ ಏಣಿಯಲ್ಲಿ ಪ್ರತಿ ಮಗುವೂ ತಾನು ನಿಂತ ಮೆಟ್ಟಿಲಿನಿಂದ ಹತ್ತಲಿ ಎಂದಿತು. ಎಲ್ಲೆಡೆ ಅದು ಹೇಗೆ ನಡೆಯಿತು ಎಂಬುದು ಬೇರೆ ಚರ್ಚೆ. ಆಲೋಚನೆ ಮಾತ್ರ ಯೋಗ್ಯವಾದದ್ದು. ಆದರೆ ಏಣಿ ಮುಗಿದ ಮೇಲೆ ಏನು? ಅಕ್ಷರ ಬಂದ ಮಗುವಿನ ಕೈಗೆ ಏನು ಕೊಡುತ್ತೀರಿ?

ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದಾದ ಒಂದು ಪರೀಕ್ಷೆಯನ್ನು ಹೇಳುತ್ತೇನೆ. ಎಮೆಟ್ ಬೆಟ್ಸ್ ಎಂಬ ಅಮೆರಿಕದ ಶಿಕ್ಷಣತಜ್ಞ 1946ರಲ್ಲಿ ಬರೆದ ಗ್ರಂಥದಲ್ಲಿ ಇದರ ಮೂಲವಿದೆ. ಪುಸ್ತಕದ ನಡುವಿನ ಒಂದು ಪುಟವನ್ನು ಮಗುವಿನಿಂದ ಗಟ್ಟಿಯಾಗಿ ಓದಿಸಿ. ನೂರು ಪದಗಳಲ್ಲಿ ಒಂದರಲ್ಲಿ ಮಾತ್ರ ಎಡವಿದರೆ ಆ ಪುಸ್ತಕವನ್ನು ಅದು ಒಂಟಿಯಾಗಿ ಕುಳಿತು ಓದಬಲ್ಲದು. ಐದರಲ್ಲಿ ಎಡವಿದರೆ ಪಕ್ಕದಲ್ಲಿ ದೊಡ್ಡವರೊಬ್ಬರು ಇರಬೇಕು. ಹತ್ತು ಮೀರಿದರೆ ಆ ಪುಸ್ತಕ ಸದ್ಯಕ್ಕೆ ಅದಕ್ಕೆ ಶಿಕ್ಷೆ. ಕನ್ನಡದ ಪದಗಳು ಉದ್ದವಾದ್ದರಿಂದ ಲೆಕ್ಕವನ್ನು ಸ್ವಲ್ಪ ಉದಾರವಾಗಿಯೇ ಹಿಡಿಯಬೇಕು ಎಂದು ನನ್ನ ಅನುಭವ. ಓದಿದ ಮೇಲೆ "ಏನಾಯಿತು ಹೇಳು" ಎಂದು ಕೇಳುವುದನ್ನು ಮಾತ್ರ ಮರೆಯಬಾರದು. ಏಕೆಂದರೆ ನಮ್ಮ ಲಿಪಿಯ ಕೃಪೆಯಿಂದ, ಒಂದು ಪದವೂ ಅರ್ಥವಾಗದೆ ಪುಟವನ್ನೆಲ್ಲ ನಿರರ್ಗಳವಾಗಿ ಉಚ್ಚರಿಸುವ ಮಕ್ಕಳು ನಮ್ಮಲ್ಲಿ ಸಾಕಷ್ಟು ಇದ್ದಾರೆ. ಹಿಂದೆ ನಮಗೆ ಬಟ್ಟೆ ಹೊಲಿಸುವಾಗ ತಾಯಂದಿರು ದರ್ಜಿಗೆ, "ಬೆಳೆಯೋ ಹುಡುಗ, ಸ್ವಲ್ಪ ಸಡಿಲವಾಗೇ ಇರಲಿ, ಒಳಗೆ ಮಡಿಕೆ ಬಿಡಪ್ಪ" ಎನ್ನುತ್ತಿದ್ದರು. ಐದು ಪದದಲ್ಲಿ ಎಡವುವ ಪುಸ್ತಕ ಅಂಥದು. ಅಣ್ಣನ ಅಂಗಿಯನ್ನೇ ತಮ್ಮನಿಗೆ ತೊಡಿಸಿದಂತೆ ಇರುವ ಪುಸ್ತಕ ಬೇರೆ. ಅದರಲ್ಲಿ ಮಗುವಿನ ಕೈಯೇ ಹೊರಗೆ ಬರುವುದಿಲ್ಲ.

ಇಷ್ಟೇ ಆಗಿದ್ದರೆ ಪದ ಎಣಿಸುವ ಯಂತ್ರವೇ ಈ ಕೆಲಸವನ್ನು ಮಾಡಿಬಿಡುತ್ತಿತ್ತು. ನನ್ನ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡಿದವನು ಒಬ್ಬ ಹುಡುಗ.

ನಾನು ಅಧ್ಯಾಪಕನಾಗಿದ್ದ ಪ್ರೌಢಶಾಲೆಯೊಂದರಲ್ಲಿ ಎಂಟನೆಯ ತರಗತಿಯ ಒಬ್ಬ ಹುಡುಗನಿದ್ದ. ಹದಿನಾಲ್ಕು ವರ್ಷ, ಮೀಸೆ ಚಿಗುರುವ ವಯಸ್ಸು. ಅಕ್ಷರ ಜೋಡಿಸಿ ಜೋಡಿಸಿ ಓದುತ್ತಿದ್ದ. ಸಹೋದ್ಯೋಗಿಯೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಅವನಿಗೆ ದಪ್ಪ ಅಕ್ಷರದ, ಬಣ್ಣದ ಚಿತ್ರಗಳ ನರಿಯ ಕಥೆಯ ಪುಸ್ತಕವನ್ನು ಕೊಟ್ಟರು. ಮಟ್ಟಕ್ಕೆ ಸರಿಯಾಗಿಯೇ ಇತ್ತು. ಹುಡುಗ ಅದನ್ನು ಗಣಿತದ ಪುಸ್ತಕದ ಒಳಗೆ ಅಡಗಿಸಿಟ್ಟುಕೊಂಡ. ಪಕ್ಕದವರು ಕಂಡರೆ ಮಾನ ಹೋದೀತೆಂಬ ಭಯ. ನನ್ನೆದುರು ಓದುವಾಗ 'ದ್ರಾಕ್ಷಿ' ಎಂಬಲ್ಲಿ ಸಿಕ್ಕಿಕೊಂಡು ತಲೆ ತಗ್ಗಿಸಿದ. ಕೆಲವು ದಿನ ಕಳೆದ ಮೇಲೆ ಮಧ್ಯಾಹ್ನದ ವಿರಾಮದಲ್ಲಿ ಅವನು ಗೋಡೆಗೆ ಒರಗಿ ಮಡಿಕೆ ಬಿದ್ದ ಒಂದು ಕಾಗದವನ್ನು ತುಟಿಯಾಡಿಸುತ್ತ ಓದುತ್ತಿದ್ದುದನ್ನು ಕಂಡೆ. ಅದು ಪಂಪ್‌ಸೆಟ್ಟಿನ ಜೊತೆಗೆ ಬರುವ ಕನ್ನಡದ ಸೂಚನಾ ಪತ್ರ. ಅವನ ಸೋದರಮಾವ ಪಂಪ್‌ಸೆಟ್ಟುಗಳನ್ನು ರಿಪೇರಿ ಮಾಡುವವನು. ರಜಾ ದಿನಗಳಲ್ಲಿ ಇವನು ಸ್ಪ್ಯಾನರು ಹಿಡಿದು ಜೊತೆಗೆ ಹೋಗುತ್ತಿದ್ದ. "ಓದಪ್ಪ, ಕೇಳೋಣ" ಎಂದೆ. 'ಫುಟ್‌ವಾಲ್ವ್' ಎಂಬುದನ್ನೂ 'ಗ್ಲ್ಯಾಂಡ್' ಎಂಬುದನ್ನೂ ಎಲ್ಲಿಯೂ ನಿಲ್ಲದೆ ಓದಿದ. ದ್ರಾಕ್ಷಿಯಲ್ಲಿ ಬಿದ್ದವನು ಗ್ಲ್ಯಾಂಡಿನಲ್ಲಿ ಬೀಳಲಿಲ್ಲ. ಒತ್ತಕ್ಷರದ ಲೆಕ್ಕದಲ್ಲಿ ಎರಡನೆಯದೇನೂ ಮೊದಲನೆಯದಕ್ಕಿಂತ ಸುಲಭವಲ್ಲ ಎಂಬುದನ್ನು ನೀವು ಗಮನಿಸಬೇಕು.

ಈ ಅನುಭವಕ್ಕೆ ಶಾಸ್ತ್ರದ ಬೆಂಬಲವೂ ಇದೆ ಎಂದು ಬಹಳ ಕಾಲದ ಮೇಲೆ ತಿಳಿಯಿತು. 1988ರಲ್ಲಿ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಎಂಬ ಇಬ್ಬರು ಸಂಶೋಧಕಿಯರು ಅಮೆರಿಕದ 64 ಮಂದಿ ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಆಟವೊಂದರ ವರ್ಣನೆಯನ್ನು ಓದಲು ಕೊಟ್ಟು, ಓದಿದ್ದನ್ನು ಆಟದ ಮೈದಾನದ ಮಾದರಿಯ ಮೇಲೆ ಮರದ ಗೊಂಬೆಗಳನ್ನು ನಡೆಸಿ ತೋರಿಸುವಂತೆ ಹೇಳಿದರು. ಓದಿನ ಪರೀಕ್ಷೆಗಳಲ್ಲಿ ಹಿಂದುಳಿದಿದ್ದರೂ ಆಟವನ್ನು ಚೆನ್ನಾಗಿ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟವನ್ನು ಅರಿಯದವರಿಗಿಂತ ಹೆಚ್ಚನ್ನು ಗ್ರಹಿಸಿದ್ದರು. ನಮ್ಮ ಕರಾವಳಿಯಲ್ಲಿ ಇದಕ್ಕೆ ಬೇರೆಯೇ ನಿದರ್ಶನ ಸಿಗುತ್ತದೆ. ರಾತ್ರಿಯಿಡೀ ಬಯಲಾಟ ನೋಡಿ ಬೆಳೆದ ಹುಡುಗನ ಮುಂದೆ ಅಭಿಮನ್ಯುವಿನ ಕಥೆಯನ್ನು ಎಷ್ಟೇ ಸಂಸ್ಕೃತಭೂಯಿಷ್ಠವಾದ ಕನ್ನಡದಲ್ಲಿ ಇಟ್ಟರೂ ಅವನು ಹೆದರುವುದಿಲ್ಲ. ಆ ಪದಗಳನ್ನು ಅವನ ಕಿವಿ ಮೊದಲೇ ಬಲ್ಲದು. ಹೀಗೆ, ಮಗುವಿನ ಮಟ್ಟ ಎಂಬುದು ಮಗುವಿನ ಹಣೆಯಲ್ಲಿ ಬರೆದ ಒಂದು ಅಂಕವಲ್ಲ. ವಿಷಯ ಬದಲಾದಂತೆ ಅದು ಏರುತ್ತದೆ, ಇಳಿಯುತ್ತದೆ. ಆಸಕ್ತಿ ಬೇರೆ, ಮಟ್ಟ ಬೇರೆ ಎಂದು ಎರಡು ಖಾನೆಗಳಲ್ಲಿ ಬರೆದುಕೊಳ್ಳುವ ನಮ್ಮ ರೂಢಿಯೇ ಸರಿಯಲ್ಲ.

ಆ ಹುಡುಗನ ವಿಷಯವನ್ನು ಮುಗಿಸಿಬಿಡುತ್ತೇನೆ. ಪಂಪ್‌ಸೆಟ್ಟಿನ ಬಗ್ಗೆ, ನೀರಿನ ಬಗ್ಗೆ, ಯಂತ್ರಗಳ ಬಗ್ಗೆ ಸರಳವಾಗಿ ಬರೆದ, ಆದರೆ ಎಳೆ ಮಕ್ಕಳದ್ದಲ್ಲದ ಪುಸ್ತಕ ನಮ್ಮ ಶಾಲೆಯ ಕಪಾಟಿನಲ್ಲಿ ಒಂದೂ ಇರಲಿಲ್ಲ. ಆಗ ಬೇರೆ ದಾರಿ ಕಾಣದೆ, "ನೀರು ಎತ್ತದ ಪಂಪನ್ನು ನೀನು ಹೇಗೆ ಸರಿಮಾಡುತ್ತೀ, ಹೇಳು" ಎಂದು ಕೇಳಿ, ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಹಾಳೆಯ ಮೇಲೆ ಬರೆದೆ. ಮರುದಿನ ಅದನ್ನು ಅವನಿಂದಲೇ ಓದಿಸಿದೆ. ತಾನೇ ಆಡಿದ ಮಾತಾದ್ದರಿಂದ ಯಾವ ಪದವೂ ಅವನಿಗೆ ಅಪರಿಚಿತವಲ್ಲ. ಒಂದು ಕಡೆ ನಾನು 'ವಾಷರ್' ಇರಬೇಕಾದಲ್ಲಿ ತಪ್ಪು ಬರೆದಿದ್ದುದನ್ನು ಅವನೇ ತಿದ್ದಿದ. ಹೀಗೆ ಇಪ್ಪತ್ತು ಇಪ್ಪತ್ತೈದು ಹಾಳೆಗಳಾದವು. ದಾರ ಹಾಕಿ ಹೊಲಿದೆವು. ನ್ಯೂಜಿಲೆಂಡಿನ ಸಿಲ್ವಿಯಾ ಆಷ್ಟನ್ ವಾರ್ನರ್ ಎಂಬ ಅಧ್ಯಾಪಕಿ ಮಾವೋರಿ ಮಕ್ಕಳಿಗೆ ಅವರವರ ಮನಸ್ಸಿನಿಂದ ಬಂದ ಪದಗಳನ್ನೇ ಬರೆದುಕೊಟ್ಟು ಓದು ಕಲಿಸಿದ ವೃತ್ತಾಂತವನ್ನು 1963ರಲ್ಲಿಯೇ ಪುಸ್ತಕವಾಗಿ ಬರೆದಿದ್ದಳೆಂದು ನನಗೆ ಆಗ ತಿಳಿದಿರಲಿಲ್ಲ. ತಿಳಿದಿದ್ದರೆ ಸ್ವಲ್ಪ ಬೇಗ ಆ ದಾರಿ ಹಿಡಿಯುತ್ತಿದ್ದೆ. ಹುಡುಗ ಪಂಡಿತನೇನೂ ಆಗಲಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಒಮ್ಮೆ ಬಿದ್ದು ಎದ್ದ. ಈಗ ಅವನದೇ ಅಂಗಡಿ ಇದೆ. ಬೆಳಿಗ್ಗೆ ಬಾಗಿಲು ತೆರೆದು ಮೊದಲು ಮಾಡುವ ಕೆಲಸ ದಿನಪತ್ರಿಕೆಯನ್ನು ಕೊನೆಯ ಪುಟದಿಂದ ಓದುವುದು.

ನಮ್ಮ ಮಕ್ಕಳ ಸಾಹಿತ್ಯ ಬಡವಾದದ್ದಲ್ಲ. ಪಂಜೆ ಮಂಗೇಶರಾಯರು ದಾರಿ ಹಾಕಿಕೊಟ್ಟರು, ಜಿ. ಪಿ. ರಾಜರತ್ನಂ ಮಕ್ಕಳ ನಾಲಿಗೆಯ ಮೇಲೆ ಕುಣಿಯುವ ಪದ್ಯಗಳನ್ನು ಕೊಟ್ಟರು. ಕುವೆಂಪು ಅವರಂಥ ಕವಿ ಬೊಮ್ಮನಹಳ್ಳಿಯ ಕಿಂದರಿಜೋಗಿಯನ್ನು ಕರೆತಂದರು. ಶಿವರಾಮ ಕಾರಂತರು 1930ರ ದಶಕದಲ್ಲಿಯೇ 'ಬಾಲಪ್ರಪಂಚ'ದ ಸಂಪುಟಗಳನ್ನು ರಚಿಸಿದಾಗ, ಮಕ್ಕಳಿಗೆ ಕಥೆಯಷ್ಟೇ ಅಲ್ಲ, ಜಗತ್ತೂ ಬೇಕು ಎಂಬುದನ್ನು ಅವರು ಕಂಡುಕೊಂಡಿದ್ದರು. 1947ರಲ್ಲಿ ಮದರಾಸಿನಲ್ಲಿ ತೆಲುಗು ತಮಿಳುಗಳಲ್ಲಿ ಹುಟ್ಟಿ ಮುಂದೆ ಕನ್ನಡಕ್ಕೂ ಬಂದ 'ಚಂದಮಾಮ', ತಿಂಗಳು ತಿಂಗಳೂ ಬೇತಾಳನ ಪ್ರಶ್ನೆಗಾಗಿ ಕಾಯುವ ಒಂದು ಪೀಳಿಗೆಯನ್ನೇ ಬೆಳೆಸಿತು. ಆದರೆ ಇವೆಲ್ಲ ಇರುವುದು ಒಂದು ದಡದಲ್ಲಿ. ಇನ್ನೊಂದು ದಡದಲ್ಲಿ ಕಾದಂಬರಿ, ಪ್ರಬಂಧ, ವೈಚಾರಿಕ ಗ್ರಂಥಗಳಿವೆ. ನಡುವಿನ ಹೊಳೆಗೆ ಸೇತುವೆ ಎಲ್ಲಿ? ಹನ್ನೆರಡರಿಂದ ಹದಿನೈದರ ಪ್ರಾಯದ, ಓದಿನಲ್ಲಿ ಹಿಂದುಳಿದ, ಬುದ್ಧಿಯಲ್ಲಿ ಹಿಂದುಳಿಯದ ಮಗುವಿಗೆ ಕನ್ನಡದಲ್ಲಿ ಬರೆದವರು ಬೆರಳೆಣಿಕೆಯಷ್ಟು. ವಾಕ್ಯ ಚಿಕ್ಕದಿರಬೇಕು, ಒತ್ತಕ್ಷರಗಳ ಸಂತೆ ಇರಬಾರದು, ಅಕ್ಷರ ಸ್ವಲ್ಪ ದೊಡ್ಡದಿರಬೇಕು. ಆದರೆ ವಿಷಯ ಮಾತ್ರ ಆ ವಯಸ್ಸಿನ ಘನತೆಗೆ ತಕ್ಕದ್ದಾಗಿರಬೇಕು. ಹೊಟ್ಟೆಪಾಡು, ಸ್ನೇಹ, ಸಾಹಸ, ಭಯ, ಅಪ್ಪನ ಸಾಲ, ಊರು ಬಿಟ್ಟು ಹೋದ ಅಣ್ಣ, ಇವೆಲ್ಲ ಇರಬೇಕು. ಹದಿನಾಲ್ಕು ವರ್ಷದವನಿಗೆ ಮಾತನಾಡುವ ಮೊಲ ಬೇಡ.

ಈ ಸೇತುವೆಯನ್ನು ಒಂದು ಕಾಲದಲ್ಲಿ ಕಟ್ಟಿದವರು ನಾವು ಗೌರವದಿಂದ ಹೆಸರಿಸದ ಲೇಖಕರು. ಬಿ. ವೆಂಕಟಾಚಾರ್ಯರ ಬಂಗಾಳಿ ಅನುವಾದಗಳೂ ಗಳಗನಾಥರ ಐತಿಹಾಸಿಕ ಕಾದಂಬರಿಗಳೂ ಕನ್ನಡಕ್ಕೆ ಓದುಗರನ್ನು ಗಳಿಸಿಕೊಟ್ಟವು ಎಂದು ಸಾಹಿತ್ಯ ಚರಿತ್ರೆ ಒಪ್ಪಿದೆ. ಆದರೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹೆಸರನ್ನು ಎತ್ತಿದರೆ ಇಂದಿಗೂ ಕೆಲವರು ಮುಖ ಸಿಂಡರಿಸುತ್ತಾರೆ. ತಾವೇ ಪ್ರಾಥಮಿಕ ಶಾಲೆಯಲ್ಲಿ ಓದು ನಿಲ್ಲಿಸಬೇಕಾಗಿ ಬಂದ ಆ ಲೇಖಕರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಚಿಕ್ಕ ಚಿಕ್ಕ ವಾಕ್ಯ, ಮಾತುಕತೆಯೇ ಹೆಚ್ಚು, ಪ್ರಕರಣದ ಕೊನೆಯಲ್ಲಿ ಕುತೂಹಲ. ಗಾಡಿಯವರು, ಹೋಟೆಲಿನ ಮಾಣಿಗಳು, ಬೀಡಿ ಕಟ್ಟುವವರು ಅವುಗಳನ್ನು ಬಾಡಿಗೆಗೆ ತಂದು ಓದಿದರು. ಅಧ್ಯಾಪಕರಾದ ನಾವು ಹುಡುಗರ ಚೀಲದಿಂದ ಅವುಗಳನ್ನು ಕಸಿದುಕೊಂಡೆವು. ಹಾಗೆ ಕಸಿದ ಪುಸ್ತಕಗಳನ್ನು ನಾನು ಮೇಜಿನ ಸೆಳೆಖಾನೆಯಲ್ಲಿಟ್ಟು ಬೀಗ ಹಾಕಿದ್ದೂ ಉಂಟು, ರಾತ್ರಿ ಮನೆಗೆ ಒಯ್ದು ಓದಿದ್ದೂ ಉಂಟು. ಆ ಹುಡುಗರಿಗೆ ಅವರ ಮಟ್ಟಕ್ಕೂ ರುಚಿಗೂ ಒಪ್ಪುವ ಪುಸ್ತಕ ಆಗಲೇ ಸಿಕ್ಕಿತ್ತು ಎಂಬುದು ನನಗೆ ಹೊಳೆಯಲಿಲ್ಲ.

ಇತ್ತೀಚೆಗೆ ಕೆಲವು ಒಳ್ಳೆಯ ಕೆಲಸಗಳು ನಡೆದಿವೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಎಂಬ ಪ್ರಕಾಶನ 2015ರಲ್ಲಿ 'ಸ್ಟೋರಿವೀವರ್' ಎಂಬ ಗಣಕಜಾಲದ ಭಂಡಾರವನ್ನು ತೆರೆಯಿತು. ಕನ್ನಡವೂ ಸೇರಿದಂತೆ ಅನೇಕ ಭಾಷೆಗಳ ಕಥೆಗಳನ್ನು ಅಲ್ಲಿ ಯಾರು ಬೇಕಾದರೂ ಹಣ ಕೊಡದೆ ಓದಬಹುದು, ಅಚ್ಚು ಹಾಕಿಕೊಳ್ಳಬಹುದು. ಕಥೆಗಳನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿದ್ದಾರೆ. ಮೊದಲ ಮಟ್ಟದವು 250 ಪದ ಮೀರದವು, ನಾಲ್ಕನೆಯದರವು 1500 ಪದಕ್ಕೂ ಮೇಲ್ಪಟ್ಟವು. ವಿಂಗಡಣೆ ದೊಡ್ಡವರ ಅನುಕೂಲಕ್ಕೆ ಬೇಕು. ಆದರೆ ಪುಸ್ತಕದ ಬೆನ್ನಿಗೆ ಬಣ್ಣದ ಚೀಟಿ ಅಂಟಿಸಿ, "ನೀನು ಕೆಂಪು, ನಿನಗೆ ಹಸಿರು ಮುಟ್ಟುವ ಅಧಿಕಾರವಿಲ್ಲ" ಎನ್ನುವ ಶಾಲೆಗಳನ್ನೂ ಕಂಡಿದ್ದೇನೆ. ಜಾತಿ ಎಣಿಸುವುದನ್ನು ಬಿಡಬೇಕೆಂದು ಬೋಧಿಸುವ ಕೊಠಡಿಯಲ್ಲಿ ಪುಸ್ತಕದ ಮೂಲಕ ಹೊಸ ಜಾತಿಯೊಂದು ಹುಟ್ಟುತ್ತದೆ. ಅಮೆರಿಕದ ಶಾಲಾ ಗ್ರಂಥಪಾಲರ ಸಂಘ 2011ರಲ್ಲಿ ಇಂಥ ಚೀಟಿಗಳನ್ನು ವಿರೋಧಿಸಿ ತನ್ನ ನಿಲುವನ್ನು ಪ್ರಕಟಿಸಿತು. ಮಗುವಿನ ಮಟ್ಟ ಪಕ್ಕದ ಮಗುವಿಗೆ ತಿಳಿಯಬೇಕಾಗಿಲ್ಲ ಎಂಬುದು ಅವರ ಆಕ್ಷೇಪಗಳಲ್ಲಿ ಒಂದು. ಮಟ್ಟದ ಗುರುತು ಅಧ್ಯಾಪಕರ ಟಿಪ್ಪಣಿ ಪುಸ್ತಕದಲ್ಲಿದ್ದರೆ ಸಾಕು.

ಹಳ್ಳಿಗಳ ಮಟ್ಟಿಗೆ ಹೇಳುವುದಾದರೆ, ಕರ್ನಾಟಕದಲ್ಲಿ 1965ರಷ್ಟು ಹಿಂದೆಯೇ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದಿತು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳೇ ಐದು ಸಾವಿರಕ್ಕೂ ಹೆಚ್ಚು ಇವೆ. ಅವುಗಳಿಗೆ ಶಾಲಾ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಸೇರಿಸಿಕೊಳ್ಳುವ 'ಓದುವ ಬೆಳಕು' ಕಾರ್ಯಕ್ರಮ 2020ರ ನವೆಂಬರಿನಲ್ಲಿ ಆರಂಭವಾಯಿತು. ಮಗು ಸದಸ್ಯನಾಗುವುದು ಸುಲಭ. ಒಳಗೆ ಬಂದ ಮಗುವಿನ ಮುಖ ನೋಡಿ, ಎರಡು ಮಾತು ಆಡಿ, ಎದ್ದು ಹೋಗಿ ಮೂರು ಪುಸ್ತಕಗಳನ್ನು ತಂದು ಮುಂದಿಟ್ಟು "ಇದರಲ್ಲಿ ಯಾವುದು ಬೇಕು ನೋಡು" ಎನ್ನುವ ಒಬ್ಬರು ಅಲ್ಲಿರಬೇಕು, ಅದು ಕಷ್ಟ. ಆ ಒಬ್ಬರು ಕಪಾಟಿನಲ್ಲಿರುವ ಮಕ್ಕಳ ಪುಸ್ತಕಗಳನ್ನು ತಾವೇ ಓದಿರಬೇಕಾಗುತ್ತದೆ. ನಮ್ಮ ಎಷ್ಟು ಶಾಲೆಗಳಲ್ಲಿ ಹಾಗೆ ಓದಿದವರಿದ್ದಾರೆ? ಪುಸ್ತಕ ಕಳೆದುಹೋದರೆ ಲೆಕ್ಕ ಒಪ್ಪಿಸುವವರು ಯಾರು ಎಂಬ ಹೆದರಿಕೆಯಿಂದ ಕಪಾಟಿನ ಬಾಗಿಲನ್ನೇ ತೆರೆಯದ ಅಧ್ಯಾಪಕರನ್ನು ನಾನು ದೂಷಿಸಲಾರೆ. ಅಂಥ ಹೆದರಿಕೆ ನನಗೂ ಇತ್ತು. ಹರಿದ ಪುಸ್ತಕವನ್ನೂ ಕಳೆದ ಪುಸ್ತಕವನ್ನೂ ಖರ್ಚಿನ ಬಾಬಿಗೆ ಹಾಕುವ ಧೈರ್ಯ ಮೇಲಿನವರಿಗೆ ಬಂದ ದಿನ ಆ ಬೀಗಗಳು ತಾವಾಗಿಯೇ ತೆರೆದುಕೊಳ್ಳುತ್ತವೆ.

ಆರಂಭದಲ್ಲಿ ಹೇಳಿದ ಗೃಹಸ್ಥರಿಗೆ ನಾನು ಆ ಸಂಜೆ ಯಾವ ಪುಸ್ತಕದ ಹೆಸರನ್ನೂ ಹೇಳಲಿಲ್ಲ. "ಹುಡುಗನನ್ನು ಕರೆದುಕೊಂಡು ಬನ್ನಿ" ಎಂದೆ. ಭಾನುವಾರ ಬಂದರು. ಹುಡುಗ ನನ್ನ ಪುಸ್ತಕಗಳ ಕಡೆಗೆ ತಿರುಗಿಯೂ ನೋಡದೆ ನಮ್ಮ ಅಂಗಳದ ನಾಯಿಯ ಜೊತೆ ಕುಳಿತುಬಿಟ್ಟ. ಅದರ ಕಿವಿಯ ಹಿಂದೆ ಉಣ್ಣೆಗಳಿವೆ ಎಂದು ನನಗೆ ತೋರಿಸಿ, ಏನು ಹಚ್ಚಬೇಕೆಂದೂ ಹೇಳಿದ. ನಾನು ಒಳಗಿನಿಂದ ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ'ಯನ್ನು ತಂದು, ಅವರ ನಾಯಿ ಕಿವಿಯ ಪ್ರಸಂಗ ಬರುವ ಒಂದು ಪುಟವನ್ನು ಓದಿಸಿದೆ. ಹತ್ತಕ್ಕಿಂತ ಹೆಚ್ಚು ಕಡೆ ಎಡವಿದ. ಬೆಟ್ಸ್ ಮಹಾಶಯನ ಪ್ರಕಾರ ಕೊಡಬಾರದ ಪುಸ್ತಕ. ಆದರೆ ಹುಡುಗ ಅದನ್ನು ಕೆಳಗಿಡಲಿಲ್ಲ. "ರಾತ್ರಿ ನೀವು ಒಂದು ಪುಟ ಓದಿ ಹೇಳಿ, ಅವನು ಒಂದು ಪುಟ ಓದಲಿ" ಎಂದು ತಂದೆಗೆ ಹೇಳಿ ಕಳುಹಿಸಿದೆ.

ಹದಿನೈದು ದಿನಗಳ ಮೇಲೆ ತಂದೆ ಒಬ್ಬರೇ ಬಂದರು, ಕೈಯಲ್ಲಿ ಪುಸ್ತಕವಿರಲಿಲ್ಲ. "ಹುಡುಗ ಇನ್ನೂ ನಾಯಿಯ ಪುಟಗಳಲ್ಲೇ ಸುತ್ತುತ್ತಿದ್ದಾನೆ ಮೇಷ್ಟ್ರೇ, ಮುಂದಕ್ಕೆ ಹೋಗಲೊಲ್ಲ. ನಂದು ಮಾತ್ರ ಮುಗೀತು" ಎಂದು ಸ್ವಲ್ಪ ಸಂಕೋಚದಿಂದ ನಿಂತರು. "ಇದೇ ತರಹದ್ದು ಇನ್ನೊಂದು ಇದ್ದರೆ, ನನಗೆ ಕೊಡಿ."